ಪೀಟರನ ಎಡಗೈ ಕೋವಿ

ವಿಲ್ಮರ್ ಡೀಟ್ರಿಚ್ ಮೂವತ್ತೆಂಟು ವರ್ಷ ಉಕ್ಕಿನ ಅಚ್ಚುಗಳನ್ನು ಕೊರೆಯುವ ಕಾರ್ಖಾನೆಯಲ್ಲಿ ದುಡಿದವನು. ಎರಡು ತುಂಡುಗಳ ದಪ್ಪದಲ್ಲಿ ಅರ್ಧ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಅವನ ಹೆಬ್ಬೆರಳಿಗೆ ಗೊತ್ತಾಗುತ್ತದೆ ಎಂಬ ಮಾತಿತ್ತು. ನಾನು ಒಮ್ಮೆ ಪರೀಕ್ಷೆ ಮಾಡಿಯೇ ನೋಡಿದೆ. ಕಣ್ಣು ಮುಚ್ಚಿಸಿ ಐದು ಸಲ ಎರಡೆರಡು ತುಂಡು ಕೊಟ್ಟೆ. ನಾಲ್ಕು ಸಲ ಸರಿಯಾಗಿ ಹೇಳಿದ. ಐದನೆಯ ಸಲ ತಪ್ಪಿದ, ಆದರೆ ಒಪ್ಪಲಿಲ್ಲ.

"ಆ ತುಂಡನ್ನ ನೀನು ಬಹಳ ಹೊತ್ತು ಮುಷ್ಟೀಲಿ ಹಿಡ್ಕೊಂಡಿದ್ದೆ ಕಣಯ್ಯಾ. ಉಕ್ಕು ಕಾದು ಹಿಗ್ಗಿದೆ," ಎಂದ.

ಯಾವ ತಪ್ಪಿಗೂ ಅವನ ಬಳಿ ಒಂದು ಕಾರಣ ಸಿದ್ಧವಿರುತ್ತಿತ್ತು. ಆ ಕಾರಣ ಸಾಮಾನ್ಯವಾಗಿ ನಿಜವೂ ಆಗಿರುತ್ತಿತ್ತು. ಮುಂದೆ ನಡೆದದ್ದರ ಬೇರು ಇಲ್ಲಿಯೇ ಇದೆ.

ಪೆನ್ಸಿಲ್ವೇನಿಯಾದ ಈ ಕಣಿವೆಯಲ್ಲಿ ಜಿಂಕೆ ಬೇಟೆ ಶುರುವಾಗುವ ದಿನ ಶಾಲೆಗೇ ರಜೆ. ಕೋವಿಯಿಲ್ಲದ ಮನೆ ಹುಡುಕಬೇಕು. ಆದರೆ ನಮ್ಮ ಸಂಘದವರಿಗೆ ಬೇಟೆಯ ಕೋವಿಗಳಲ್ಲಿ ಅಷ್ಟು ಆಸಕ್ತಿಯಿಲ್ಲ. ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ ಇಲ್ಲಿನ ಹಳ್ಳದ ದಡದಲ್ಲಿ ಕುಲುಮೆ ಹೂಡಿದ್ದ ಕಸುಬಿನವರು ಒಂದೊಂದಾಗಿ ಕೈಯಲ್ಲೇ ಮಾಡಿದ, ಚಕಮಕಿ ಕಲ್ಲಿನ ಕಿಡಿಯಿಂದ ಹಾರುವ, ನಿಲ್ಲಿಸಿದರೆ ಗದ್ದಕ್ಕೆ ಬರುವ ಉದ್ದನೆಯ ಕೋವಿಗಳೇ ನಮಗೆ ಬೇಕು. ನಾವು ನಲವತ್ತಮೂರು ಸದಸ್ಯರು. ಪ್ರತಿ ತಿಂಗಳ ಎರಡನೆಯ ಶನಿವಾರ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಸೇರುತ್ತೇವೆ. ಒಂದು ದೊಡ್ಡ ಪಾತ್ರೆ ಕಾಫಿ, ಯಾರದೋ ಮನೆಯಿಂದ ಬಂದ ಕಾಕಂಬಿ ಪೈ, ಬೀಟ್‌ರೂಟ್ ರಸದಲ್ಲಿ ನೆನೆದ ಕೆಂಪು ಮೊಟ್ಟೆ. ಹನ್ನೊಂದು ವರ್ಷದಿಂದ ನಾನು ಕಾರ್ಯದರ್ಶಿ.

ಸಂಘದಲ್ಲಿ ವಿಲ್ಮರನಿಗೆ ಒಂದು ಸ್ಥಾನವಿತ್ತು. ಅಸಲಿಯೋ ನಕಲಿಯೋ ಎಂಬ ಜಗಳ ಬಂದಾಗ ಕೊನೆಯ ಮಾತು ಅವನದು. ಅವನು ಸುತ್ತಿ ಬಳಸಿ ಹೇಳುವವನಲ್ಲ. ಕೋವಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೆಬ್ಬೆರಳು ಸವರಿ, "ಇದು ಹಳೇದು," ಅಥವಾ "ಇದು ವಯಸ್ಸಲ್ಲಿ ನಮ್ಮಪ್ಪನಿಗಿಂತ ಚಿಕ್ಕದು," ಎನ್ನುತ್ತಿದ್ದ. ಅಷ್ಟಕ್ಕೆ ಮಾತು ಮುಗಿಯಿತು. ಅವನ "ಹಳೇದು" ಎಂಬ ಒಂದು ಮಾತಿನ ಮೇಲೆ ಜನ ಕೈ ಕುಲುಕಿ ವ್ಯಾಪಾರ ಮುಗಿಸುತ್ತಿದ್ದರು. ರಸೀದಿ ಕೇಳುವುದು ನಮ್ಮಲ್ಲಿ ಅವಮಾನ ಮಾಡಿದ ಹಾಗೆ.

ಅವನೇ ಸಂಘಕ್ಕೆ ಒಂದು ನಿಯಮ ಮಾಡಿಕೊಟ್ಟಿದ್ದ. ಸಾವಿರ ಡಾಲರಿಗೆ ಮೇಲ್ಪಟ್ಟ ಯಾವ ಕೋವಿಯನ್ನೂ ಸದಸ್ಯರು ಒಬ್ಬರೇ ನೋಡಿ ಖರೀದಿಸಬಾರದು, ಇನ್ನೊಬ್ಬ ಸದಸ್ಯನಿಗೆ ತೋರಿಸಲೇಬೇಕು. ಆಸೆಪಟ್ಟವನ ಕಣ್ಣು ಆಸೆಪಟ್ಟದ್ದನ್ನೇ ನೋಡುತ್ತದೆ ಎಂಬುದು ಅವನ ವಾದ. ನಾವು ಅದನ್ನು ಎರಡನೆಯ ಕಣ್ಣು ಎಂದು ಕರೆಯುತ್ತೇವೆ.

ವಿಲ್ಮರನ ಆಸೆ ಒಂದೇ ಆಗಿತ್ತು. ಹಳ್ಳದ ದಡದ ಆ ಕಸುಬಿನವರಲ್ಲಿ ಕಾಸ್ಪರ್ ಗ್ರೂಬ್ ಎಂಬವನೊಬ್ಬ. ಅವನ ಕೈಯ ಆರು ಕೋವಿಗಳು ಈಗ ಉಳಿದಿವೆ. ಆರನ್ನೂ ವಿಲ್ಮರ್ ಅಳೆದು, ಬರೆದು, ಹೆಂಡತಿ ವೆರ್ನಾಳ ಕೌದಿಯ ಮೇಲೆ ಮಲಗಿಸಿ ಫೋಟೋ ತೆಗೆದಿದ್ದ. ಎಲ್ಲ ಕೋವಿಗಳಂತೆ ಅವುಗಳಲ್ಲೂ ಕಲ್ಲು ಕಚ್ಚಿ ಹಿಡಿಯುವ ಕುದುರೆ ಬಲಗಡೆಗಿದೆ. ಬುಡದ ಬಲಮಗ್ಗುಲಲ್ಲಿ ಹಿತ್ತಾಳೆ ಮುಚ್ಚಳದ ಒಂದು ಪುಟ್ಟ ಗೂಡಿದೆ. ಆದರೆ ಚರ್ಚಿನ ಕಪಾಟಿನಲ್ಲಿರುವ ಗ್ರೂಬ್‌ನ ದಿನಚರಿಯಲ್ಲಿ ಏಳನೆಯದೊಂದರ ಮಾತು ಬರುತ್ತದೆ. "ಮಗ ಪೀಟರನಿಗೆ ಒಂದು ಕೋವಿ. ಅವನು ಎಲ್ಲವನ್ನೂ ಎಡಗೈಯಲ್ಲಿ ಮಾಡುವವನು, ಕುದುರೆಯನ್ನೂ ಎಡಕ್ಕೇ ಕೂರಿಸಿದೆ." ಪೀಟರ್ ಆಮೇಲೆ ಕೆಂಟಕಿಯ ಕಡೆ ಹೊರಟುಹೋದ. ಕೋವಿಯೂ ಹೋಯಿತು.

ಆ ಕೋವಿಯನ್ನು ವಿಲ್ಮರ್ ಮೂವತ್ತೊಂದು ವರ್ಷ ಹುಡುಕಿದ. ಗ್ರೂಬ್‌ನ ಬಗ್ಗೆ ಅವನು ಬರೆಯುತ್ತಿದ್ದ ಪುಸ್ತಕದಲ್ಲಿ ಆರು ಅಧ್ಯಾಯ ಮುಗಿದು ಏಳನೆಯದು ಬರೀ ತಲೆಬರಹವಾಗಿ ನಿಂತಿತ್ತು. ಯಾರಿಗಾದರೂ ಸುಳಿವು ಸಿಕ್ಕೀತೆಂದು ಸಂಘದ ಜಾಲತಾಣದಲ್ಲಿ ಎಲ್ಲವನ್ನೂ ಬರೆದು ಹಾಕಿದ: ದಿನಚರಿಯ ಸಾಲು, ಪೀಟರ್ ಹೋದ ದಾರಿ, ಆರು ಕೋವಿಗಳ ಫೋಟೋ. ಕಳ್ಳನಿಗೆ ಬೇಕಾದ ಪ್ರತಿಯೊಂದು ಸಾಮಾನನ್ನೂ ಅವನೇ ಸಾಲಾಗಿ ಜೋಡಿಸಿಟ್ಟಂತಾಯಿತು.

ಅಕ್ಟೋಬರಿನ ಒಂದು ಮಧ್ಯಾಹ್ನ ಅಂತರಜಾಲದ ಹರಾಜಿನಲ್ಲಿ ಆ ಕೋವಿ ಕಾಣಿಸಿಕೊಂಡಿತು. ಕೆಂಟಕಿಯ ಹಳೆಯ ಮನೆಯೊಂದರ ಅಟ್ಟದಲ್ಲಿ ಸಿಕ್ಕಿದ್ದಂತೆ. ಐದು ಫೋಟೋ. ಕುದುರೆ ಎಡಗಡೆ, ಗೂಡೂ ಎಡಗಡೆ, ಮೇಪಲ್ ಮರದಲ್ಲಿ ಹುಲಿಪಟ್ಟೆಯಂಥ ಗೆರೆಗಳು, ಗೂಡಿನ ಮುಚ್ಚಳದ ಮೇಲೆ ಗ್ರೂಬ್‌ನದೇ ಆದ ಹಿತ್ತಾಳೆಯ ಹೂವು.

ವಿಲ್ಮರ್ ಆ ಫೋಟೋಗಳನ್ನು ಭೂತಗನ್ನಡಿಯಲ್ಲಿ ಎರಡು ದಿನ ನೋಡಿದ. ಮೂರು ಸಂದೇಹ ಬಂದವು, ಮೂರಕ್ಕೂ ಕಾರಣ ಸಿಕ್ಕಿತು. ನಳಿಗೆಯ ಮೇಲೆ ಗ್ರೂಬ್‌ನ ಹೆಸರಿನ ಅಕ್ಷರ ಕಾಣುವ ಫೋಟೋ ಒಂದೂ ಇಲ್ಲ. ಸರಿ, ಸ್ವಂತ ಮಗನಿಗೆ ಮಾಡಿದ ಕೋವಿಗೆ ಯಾರು ಹೆಸರು ಕೆತ್ತುತ್ತಾರೆ? ಮುಚ್ಚಳದ ಹೂವಿನೊಳಗಿನ ಸಣ್ಣ ಗೀರುಗಳು ಉಳಿದ ಆರರಲ್ಲಿ ಬಲಕ್ಕೆ ವಾಲಿದ್ದರೆ ಇದರಲ್ಲಿ ಎಡಕ್ಕೆ ವಾಲಿವೆ. ಸರಿ, ಎಡಗಡೆಯ ಮುಚ್ಚಳವಲ್ಲವೇ, ತಿರುಗಿಸಿ ಹಿಡಿದು ಕೆತ್ತಿರಬೇಕು. ಮೂರನೆಯದು, ಮಾರುವವನಿಗೆ ಕೋವಿಯ ಗಂಧಗಾಳಿಯಿಲ್ಲ. ಫೋನಿನಲ್ಲಿ ಮೆತ್ತಗೆ ಮಾತಾಡಿದ ಆ ಮನುಷ್ಯ, "ಸರ್, ನಳಿಗೆ ಕೆಳಗೆ ಒಂದು ಕಡ್ಡಿ ಸಿಕ್ಕಿಸಿದಾರಲ್ಲ, ಅದನ್ನ ಕಿತ್ತು ಕಳಿಸ್ಲಾ ಅಥವಾ ಜೊತೆಗೇ ಇರ್ಲಾ?" ಎಂದು ಕೇಳಿದನಂತೆ. ಮದ್ದು ಜಡಿಯುವ ಕೋಲನ್ನು ಕಡ್ಡಿ ಎನ್ನುವವನು ಕಳ್ಳನಾಗಿರಲು ಸಾಧ್ಯವೇ ಇಲ್ಲ ಎಂದು ವಿಲ್ಮರ್ ತೀರ್ಮಾನಿಸಿದ.

ಎರಡನೆಯ ಕಣ್ಣಿಗೆ ಮಾತ್ರ ತೋರಿಸಲಿಲ್ಲ. ತೋರಿಸಬೇಕಾದವನು ಲ್ಯೂಥರ್ ಹಾಸ್. ಹಾಲು ಕರೆಯುವ ಯಂತ್ರ ರಿಪೇರಿ ಮಾಡುವ ಲ್ಯೂಥರನ ಹತ್ತಿರ ಗ್ರೂಬ್‌ನ ಮೂರನೆಯ ಕೋವಿಯಿತ್ತು. ನಮ್ಮಲ್ಲಿ ಗ್ರೂಬ್‌ನ ಕೆಲಸ ಬಲ್ಲವರು ಇವರಿಬ್ಬರೇ. ಆದರೆ ಲ್ಯೂಥರನಿಗೆ ಹೇಳಿದರೆ ಅವನೂ ಹರಾಜಿಗೆ ಇಳಿಯುತ್ತಾನೆ. ನಿಯಮ ಮಾಡಿದವನೇ ಬಾಯಿಗೆ ಬೀಗ ಹಾಕಿಕೊಂಡ.

ಹರಾಜಿನಲ್ಲಿ ವಿಲ್ಮರ್ ಎರಡನೆಯವನಾಗಿ ಸೋತ. ಮರುದಿನ ಒಂದು ಪತ್ರ ಬಂತು: "ಮೊದಲನೆಯವರ ಹಣ ಬರಲಿಲ್ಲ. ನಿಮ್ಮ ಹೆಸರು ಎರಡನೆಯದು. ನೇರವಾಗಿ ಕೊಂಡರೆ ಹರಾಜಿನವರ ಕಮಿಷನ್ ಉಳಿಯುತ್ತದೆ. ಬೇರೆಯವರೂ ಕೇಳುತ್ತಿದ್ದಾರೆ." ಇಷ್ಟು ಹಳೆಯ ಕೋವಿಗೆ ಪರವಾನಗಿ ಇರುವ ಅಂಗಡಿಯ ಮೂಲಕ ಹೋಗುವ ಕಟ್ಟುಪಾಡಿಲ್ಲ, ನಡುವೆ ಯಾರೂ ಬರಲಿಲ್ಲ. ನಿವೃತ್ತಿಯ ನಂತರ ಗ್ಯಾರೇಜಿನಲ್ಲಿ ಗರಗಸ ಸಾಣೆ ಹಿಡಿದು ಕೂಡಿಟ್ಟಿದ್ದ ಒಂಬತ್ತು ಸಾವಿರದ ನಾನೂರು ಡಾಲರನ್ನು ವಿಲ್ಮರ್ ಬ್ಯಾಂಕಿನಿಂದ ಕಳುಹಿಸಿದ.

ಮೂರು ವಾರ ಕಳೆಯಿತು. ಕೋವಿ ಬರಲಿಲ್ಲ, ಫೋನು ಸತ್ತಿತ್ತು. ವಿಲ್ಮರ್ ಅದಕ್ಕೂ ಕಾರಣ ಕೊಟ್ಟ: ಕೆಂಟಕಿಯಲ್ಲಿ ಪ್ರವಾಹ.

ಒಂದು ಬೆಳಗ್ಗೆ ವೆರ್ನಾ ಬೆಣ್ಣೆ ತೆಗೆಯಲು ಫ್ರಿಜ್ಜಿನ ಬಳಿ ಹೋದಳು. ಬಾಗಿಲಿಗೆ ವಿಲ್ಮರ್ ಅಂಟಿಸಿದ್ದ ಕೋವಿಯ ಫೋಟೋಗಳನ್ನು ಅವಳು ದಿನಾ ನೋಡಿಯೂ ನೋಡಿರಲಿಲ್ಲ. ಕೋವಿ ಅವನ ಕ್ಷೇತ್ರ. ಅವತ್ತು ಕನ್ನಡಕ ಹಾಕಿಕೊಂಡಿದ್ದಳು.

"ಈ ಬಟ್ಟೆ ಇವನಿಗೆಲ್ಲಿ ಸಿಕ್ತು?" ಎಂದಳು.

"ಯಾವ ಬಟ್ಟೆ?"

"ಕೋವಿ ಕೆಳಗೆ, ಈ ಮೂಲೇಲಿ ಚೂರು ಕಾಣ್ತಿದೆಯಲ್ಲ. ಇದು ನನ್ನ ಕೌದಿ ವಿಲ್ಮರ್. ನೀಲಿ ತುಂಡು ನಿನ್ನ ಕಾರ್ಖಾನೆ ಅಂಗೀದು. ಹಳದಿ ನಮ್ಮಮ್ಮನ ಅಡುಗೆಮನೆ ಪರದೇದು."

"ಹಳದಿ ಬಟ್ಟೆ ಎಲ್ಲಾ ಕಡೆ ಸಿಗುತ್ತೆ ವೆರ್ನಾ."

"ಸಿಗುತ್ತೆ. ಆದ್ರೆ ಈ ಗಿರಗಿಟ್ಲೆ ಚಿತ್ತಾರ ಉಲ್ಟಾ ತಿರುಗ್ತಿದೆ ನೋಡು. ನಮ್ಮಜ್ಜಿ ಹೊಲಿದಿದ್ದೂ ಬಲಕ್ಕೆ, ಅಮ್ಮ ಹೊಲಿದಿದ್ದೂ ಬಲಕ್ಕೆ. ಎಡಕ್ಕೆ ತಿರುಗೋ ಗಿರಗಿಟ್ಲೆ ನಾನು ಜನ್ಮದಲ್ಲಿ ಹೊಲಿದಿಲ್ಲ."

ವಿಲ್ಮರ್ ಅದಕ್ಕೆ ಕಾರಣ ಕೊಡಲು ಬಾಯಿ ತೆರೆದ. ಮೊದಲ ಬಾರಿಗೆ ಕಾರಣ ಹೊಳೆಯಲಿಲ್ಲ. ಫೋಟೋವನ್ನು ಕಿತ್ತುಕೊಂಡು ಬಚ್ಚಲಿಗೆ ಹೋಗಿ ಕನ್ನಡಿಗೆ ಹಿಡಿದ. ಕನ್ನಡಿಯಲ್ಲಿ ಗಿರಗಿಟ್ಲೆ ಬಲಕ್ಕೆ ತಿರುಗಿತು. ಕುದುರೆ ಬಲಕ್ಕೆ ಬಂತು, ಮುಚ್ಚಳ ಬಲಕ್ಕೆ ಬಂತು, ಗೀರುಗಳು ಬಲಕ್ಕೆ ವಾಲಿದವು. ಅವನೆದುರು ಲ್ಯೂಥರ್ ಹಾಸ್‌ನ ಮೂರನೆಯ ಕೋವಿ ನಿಂತಿತ್ತು. ಹನ್ನೆರಡು ವರ್ಷದ ಹಿಂದೆ ಅದೇ ಮನೆಯ ಊಟದ ಮೇಜಿನ ಮೇಲೆ ಅವನೇ ತೆಗೆದ ಫೋಟೋ. ಯಾರೋ ಅದನ್ನು ಎಡಬಲ ಮಗುಚಿ ಅವನಿಗೇ ಮಾರಿದ್ದರು; ಅಕ್ಷರ ಉಲ್ಟಾ ಕಂಡೀತೆಂದೇ ಹೆಸರಿರುವ ಫೋಟೋ ಹಾಕಿರಲಿಲ್ಲ.

ಆ ಗೀರುಗಳ ವಿಷಯ ಅವನನ್ನು ಎಲ್ಲಕ್ಕಿಂತ ಹೆಚ್ಚು ಕುಟುಕಿತು. ಎಡಗೈಯವನು ಮಗ ಪೀಟರ್. ಕೆತ್ತಿದವನು ಅಪ್ಪ, ಬಲಗೈಯವನು. ಕಾಗದ ಹೇಗೆ ತಿರುಗಿಸಿದರೂ ಒಬ್ಬನ ಬರಹದ ವಾಲು ಬದಲಾಗುವುದಿಲ್ಲ, ಉಳಿಯ ವಾಲೂ ಅಷ್ಟೆ. ಇದನ್ನು ಸಂಘದ ಹೊಸಬರಿಗೆ ಪಾಠ ಹೇಳುತ್ತಿದ್ದವನು ಅವನೇ.

ವೆರ್ನಾ ಬಾಗಿಲಲ್ಲಿ ನಿಂತು, "ಎಷ್ಟು ಹೋಯ್ತು?" ಎಂದು ಕೇಳಿದಳು. ಅವನು ಹೇಳಿದ. "ಮೊಟ್ಟೆ ಆರ್ತಿದೆ, ಬಾ," ಎಂದಳು.

ಪೊಲೀಸ್ ಠಾಣೆಯ ಯುವ ಅಧಿಕಾರಿ ಗೌರವದಿಂದಲೇ ಬರೆದುಕೊಂಡ. ಹಣ ಎರಡು ಬ್ಯಾಂಕು ದಾಟಿ ಹೋಗಿದೆ, ಒಬ್ಬರದೇ ದೂರಾದರೆ ಕಡತ ಮುಂದೆ ಸರಿಯುವುದು ಕಷ್ಟ, ಇನ್ನೂ ಕೆಲವರು ಸಿಕ್ಕರೆ ನೋಡಬಹುದು ಎಂದ. ಹರಾಜಿನವರು ತಮ್ಮ ತಾಣದ ಹೊರಗೆ ನಡೆದ ವ್ಯವಹಾರ ತಮಗೆ ಸಂಬಂಧಿಸಿದ್ದಲ್ಲ ಎಂದು ಬರೆದರು.

ಇನ್ನೂ ಕೆಲವರು ಇದ್ದೇ ಇರುತ್ತಾರೆ ಎಂದು ವಿಲ್ಮರನಿಗೆ ಗೊತ್ತಿತ್ತು. ಅವರು ಯಾಕೆ ಬಾಯಿ ಬಿಡುವುದಿಲ್ಲ ಎಂಬುದೂ ಗೊತ್ತಿತ್ತು. ನಮ್ಮ ಬಳಗದಲ್ಲಿ ಹಣ ಕಳೆದುಕೊಂಡವನನ್ನು ಮರೆಯುತ್ತಾರೆ. ಕಣ್ಣು ತಪ್ಪಿದವನನ್ನು ಮರೆಯುವುದಿಲ್ಲ. ಸುಮ್ಮನಿದ್ದರೆ ವಿಲ್ಮರನ ಮಾತಿಗೆ ಇದ್ದ ತೂಕ ಹಾಗೆಯೇ ಉಳಿಯುತ್ತಿತ್ತು. ಹೇಳಿದರೆ ನಲವತ್ತು ವರ್ಷದಲ್ಲಿ ಗಳಿಸಿದ್ದು ಒಂದು ಶನಿವಾರದಲ್ಲಿ ಹೋಗಬಹುದು.

ಡಿಸೆಂಬರಿನಲ್ಲಿ ಅವನು ನನ್ನ ಮನೆಗೆ ಬಂದು ಬೂಟು ಕೂಡ ಬಿಚ್ಚದೆ ಹೇಳಿದ. "ನಮ್ಮ ಸಂಘದ ಜನವರಿ ಪ್ರದರ್ಶನದಲ್ಲಿ ನಂಗೊಂದು ಮೇಜು ಬೇಕು. ಬಾಗಿಲ ಎದುರಿಗೇ."

"ಏನಿಡ್ತೀಯಾ?"

"ಏನೂ ಇಲ್ಲ. ಖಾಲಿ ಸ್ಟ್ಯಾಂಡು."

ಅವನು ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ನಾನು ಕಾರ್ಯದರ್ಶಿಯ ಬುದ್ಧಿವಾದ ಹೇಳಿದೆ. "ವಿಲ್ಮರ್, ಹೆಸರಿಲ್ಲದೆ ಒಂದು ಎಚ್ಚರಿಕೆ ಚೀಟಿ ಹಾಕೋಣ. 'ಒಬ್ಬ ಸದಸ್ಯರು' ಅಂತ ಬರೆದ್ರೆ ಸಾಕಲ್ಲ?"

"'ಒಬ್ಬ ಸದಸ್ಯರು' ಅಂದ್ರೆ ಪ್ರತಿಯೊಬ್ಬನೂ ಯಾವನೋ ದಡ್ಡ ಅಂದ್ಕೋತಾನೆ. ಡೀಟ್ರಿಚ್ ಅಂದ್ರೆ ತಾನೂ ಬೀಳಬಹುದು ಅಂದ್ಕೋತಾನೆ. ನನ್ನ ಹೆಸರಿಗೆ ಈಗ ಇರೋ ಉಪಯೋಗ ಅದೊಂದೇ."

ಮೇಜು ಕೊಟ್ಟೆ.

ಮೊದಲು ಲ್ಯೂಥರನಿಗೆ ಹೇಳಬೇಕಿತ್ತು. ವಿಲ್ಮರ್ ನನ್ನನ್ನೂ ಕರೆದುಕೊಂಡು ಹೋದ. ಲ್ಯೂಥರ್ ಕೊಟ್ಟಿಗೆಯಲ್ಲಿ ಹಾಲಿನ ಪಂಪೊಂದನ್ನು ಬಿಚ್ಚಿ ಹರಡಿಕೊಂಡು ಕೂತಿದ್ದ. ಫೋಟೋ ಕೈಗೆ ಕೊಟ್ಟದ್ದೇ ತಡ, ಮೂರು ಸೆಕೆಂಡಿನಲ್ಲಿ ಅವನೆಂದ, "ಇದು ನಂದಲ್ವಾ? ಯಾವನೋ ಇದನ್ನ ಮಗುಚಿದೋನು?"

ವಿಲ್ಮರ್ ಕಣ್ಣು ಮುಚ್ಚಿಕೊಂಡ. "ಮೂರು ಸೆಕೆಂಡು," ಎಂದ. "ಅಕ್ಟೋಬರಲ್ಲೇ ನಿಂಗೆ ತೋರಿಸಿದ್ರೆ ಮೂರು ಸೆಕೆಂಡಲ್ಲಿ ಮುಗೀತಿತ್ತು."

"ಮತ್ಯಾಕೋ ತೋರಿಸ್ಲಿಲ್ಲ?"

"ನೀನೂ ಹರಾಜು ಕೂಗ್ತೀಯಾ ಅಂತ."

"ಕೂಗ್ತಿದ್ದೆ, ಬಿಡ್ತಿದ್ನಾ!" ಲ್ಯೂಥರ್ ಎಣ್ಣೆಗೈ ಒರೆಸಿಕೊಂಡ. "ಎಷ್ಟು ಕೊಟ್ಟೆ?"

"ಒಂಬತ್ತು ಸಾವಿರದ ನಾನೂರು."

"ಅಯ್ಯೋ ಮುದಿ ಕತ್ತೆ! ನನ್ನ ಕೇಳಿದ್ರೆ ಅಸಲಿ ಕೋವೀನೇ ಎಂಟಕ್ಕೆ ಕೊಡ್ತಿದ್ನಲ್ಲೋ!"

ಮೂವರೂ ನಕ್ಕೆವು. ವಿಲ್ಮರ್ ನಕ್ಕಿದ್ದು ಆರು ವಾರದಲ್ಲಿ ಅದೇ ಮೊದಲು ಎಂದು ವೆರ್ನಾ ಆಮೇಲೆ ಹೇಳಿದಳು. ನಗು ನಿಂತ ಮೇಲೆ ಲ್ಯೂಥರ್ ಫೋಟೋವನ್ನು ಇನ್ನೊಮ್ಮೆ ನೋಡಿ, "ಜನ ಆಡ್ಕೋತಾರೆ ಕಣೋ. ನಾನೇ ಮೊದಲು ಆಡ್ಕೋತೀನಿ," ಎಂದ.

"ಆಡ್ಕೋ. ಮೇಜಿನ ಹತ್ರ ನಿಂತು ಗಟ್ಟಿಯಾಗಿ ಆಡ್ಕೋ. ಜನ ಸೇರ್ತಾರೆ."

ಜನವರಿಯ ಪ್ರದರ್ಶನಕ್ಕೆ ಹೊರ ಊರುಗಳಿಂದಲೂ ಜನ ಬರುತ್ತಾರೆ; ಆ ವರ್ಷ ಬಾಗಿಲಲ್ಲಿ ಇನ್ನೂರ ಹನ್ನೆರಡು ಜನರ ಹೆಸರು ಬರೆದುಕೊಂಡೆ. ಒಳಗೆ ಬಂದ ಪ್ರತಿಯೊಬ್ಬರ ಕಣ್ಣೂ ಮೊದಲು ಬಿದ್ದದ್ದು ವೆರ್ನಾಳ ಕೌದಿ ಹಾಸಿದ ಮೇಜಿನ ಮೇಲೆ. ಕೌದಿಯ ಮೇಲೆ ಒಂದು ಖಾಲಿ ಸ್ಟ್ಯಾಂಡು, ಐದು ಫೋಟೋ, ಬಚ್ಚಲಿನಿಂದ ಕಳಚಿ ತಂದ ಕನ್ನಡಿ. ಹಲಗೆಯ ಮೇಲೆ ವಿಲ್ಮರನ ದುಂಡು ಅಕ್ಷರದಲ್ಲಿ ಹೀಗಿತ್ತು: "ಈ ಕೋವಿಯನ್ನು ನಾನು, ವಿಲ್ಮರ್ ಡೀಟ್ರಿಚ್, ಕೊಂಡೆ. ಇದು ಎಲ್ಲಿಯೂ ಇಲ್ಲ. ನನಗೆ ಬಂದ ಸಂದೇಹಗಳು ಮತ್ತು ಅವುಗಳಿಗೆ ನಾನೇ ಕೊಟ್ಟುಕೊಂಡ ಕಾರಣಗಳು ಕೆಳಗಿವೆ." ಕೆಳಗೆ ಮಾರಿದವನ ಪತ್ರ, ಫೋನ್ ನಂಬರು, ತಾರೀಖುಗಳು.

ಮೊದಲ ಒಂದು ಗಂಟೆ ಯಾರೂ ಮೇಜಿನ ಹತ್ತಿರ ನಿಲ್ಲಲಿಲ್ಲ. ಓದಿ, ಕಣ್ಣು ತಪ್ಪಿಸಿ ಕಾಫಿಯ ಕಡೆಗೆ ಸರಿದರು. ಹಿಂದಿನಿಂದ ಒಬ್ಬ, "ಇವನ ಮಾತು ಕೇಳಿ ನಾನು ಎರಡು ಕೋವಿ ತಗೊಂಡಿದೀನಲ್ಲಪ್ಪಾ," ಎಂದು ಗೊಣಗಿದ್ದು ವಿಲ್ಮರನಿಗೂ ಕೇಳಿಸಿತು. ಅವನ ಕಿವಿ ಕೆಂಪಾದವು. ಆದರೆ ಕುರ್ಚಿ ಬಿಟ್ಟು ಏಳಲಿಲ್ಲ. ಆಗ ಲ್ಯೂಥರ್ ಮಾತಿಗೆ ತಪ್ಪದೆ ಬಂದು ಇಡೀ ಸಭಾಂಗಣಕ್ಕೆ ಕೇಳುವಂತೆ, "ಬನ್ನಿ ಬನ್ನಿ, ನನ್ನ ಕೋವೀನ ನಂಗೆ ಗೊತ್ತಿಲ್ದಂಗೆ ಕೊಂಡ್ಕೊಂಡ ಮಹಾನುಭಾವನ್ನ ನೋಡ್ಬನ್ನಿ!" ಎಂದು ಕೂಗಿದ. ಜನ ನಕ್ಕು ಹತ್ತಿರ ಬಂದರು. ಒಬ್ಬೊಬ್ಬರಾಗಿ ಫೋಟೋವನ್ನು ಕನ್ನಡಿಗೆ ಹಿಡಿದು ನೋಡಿದರು. ವಿಲ್ಮರ್ ಪ್ರತಿಯೊಬ್ಬರಿಗೂ ಗೀರುಗಳ ವಾಲನ್ನು ಮೊದಲಿಂದ ವಿವರಿಸಿದ.

ಹನ್ನೊಂದೂವರೆಗೆ ಅರ್ಲಾ ಸ್ನೈಡರ್ ಬಂದಳು. ಶಾಲಾ ಬಸ್ ಓಡಿಸುವವಳು, ಸಂಘಕ್ಕೆ ಸೇರಿ ಎರಡು ವರ್ಷ. ಅವಳು ಫೋಟೋ ನೋಡಲಿಲ್ಲ, ಪತ್ರವನ್ನು ಎರಡು ಸಲ ಓದಿದಳು.

"'ಮೊದಲನೆಯವರ ಹಣ ಬರಲಿಲ್ಲ. ನಿಮ್ಮ ಹೆಸರು ಎರಡನೆಯದು,'" ಎಂದು ಬಾಯಲ್ಲೇ ಹೇಳಿದಳು. ಕೈಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಸೋಮವಾರ ಬ್ಯಾಂಕಿಗೆ ಕೊಡಲು ತುಂಬಿಸಿದ್ದ ಅರ್ಜಿ, ನಾಲ್ಕು ಸಾವಿರದ ನೂರು ಡಾಲರು. ಅವಳದು ಹಳೆಯ ಪಿಸ್ತೂಲು, ಮಾರುವವನ ಹೆಸರು ಬೇರೆ. ಆದರೆ ಪತ್ರದ ಒಂದೊಂದು ಸಾಲೂ ಅದೇ, ಫೋನ್ ನಂಬರೂ ಅದೇ.

"ಯಾರಿಗಾದ್ರೂ ತೋರಿಸಿದ್ಯಾ ಅರ್ಲಾ?" ವಿಲ್ಮರ್ ಕೇಳಿದ.

"ಇಲ್ಲ ಅಂಕಲ್. ನೀವೇ ಕೊಂಡ್ಕೊಂಡ್ಬಿಟ್ರೆ ಅಂತ ಹೆದ್ರಿದ್ದೆ."

ವಿಲ್ಮರ್ ಅರ್ಜಿಯನ್ನು ಅವಳ ಕೈಗೇ ವಾಪಸು ಕೊಟ್ಟ. "ನೀನೇ ಹರಿ," ಎಂದ. ಅವಳು ನಾಲ್ಕು ತುಂಡು ಮಾಡಿದಳು.

ಅಲ್ಲಿಂದ ಮುಂದೆ ಬಾಯಿಗಳು ಬಿಚ್ಚಿಕೊಂಡವು, ಆದರೆ ಮೇಜಿನೆದುರು ಅಲ್ಲ. ಕಾಫಿಯ ಪಾತ್ರೆಯ ಬಳಿ, ಕೋಟು ನೇತುಹಾಕುವ ಮೂಲೆಯಲ್ಲಿ, ಪಾರ್ಕಿಂಗಿನ ಹಿಮದಲ್ಲಿ ಒಬ್ಬೊಬ್ಬರೇ ವಿಲ್ಮರನನ್ನು ಪಕ್ಕಕ್ಕೆ ಕರೆದರು. ಪಕ್ಕದ ಜಿಲ್ಲೆಯ ಒಬ್ಬ ನಿವೃತ್ತ ಅಂಚೆಯವನು ಹೆಂಡತಿಗೂ ಹೇಳಿರಲಿಲ್ಲವಂತೆ. ಸಂಜೆ ಸಭಾಂಗಣ ಖಾಲಿಯಾಗುವ ಹೊತ್ತಿಗೆ ವಿಲ್ಮರನ ಪುಸ್ತಕದಲ್ಲಿ ಐದು ಹೆಸರು, ಐದು ಪತ್ರ, ಒಂದೇ ಫೋನ್ ನಂಬರು ಇದ್ದವು. ಅಷ್ಟನ್ನೂ ಜೋಡಿಸಿ ಮಂಗಳವಾರ ಅವನೇ ಠಾಣೆಗೆ ಕೊಟ್ಟುಬಂದ. ಈ ಸಲ ಕಡತ ಮುಂದೆ ಸರಿಯಿತು. ಏಪ್ರಿಲ್ ತಿಂಗಳಲ್ಲಿ ಖಾತೆಯೊಂದನ್ನು ತಡೆಹಿಡಿದರು, ಅಂಚೆಯವನಿಗೆ ಹಣದ ಒಂದು ಭಾಗ ವಾಪಸು ಬಂತು. ವಿಲ್ಮರನಿಗೆ ಏನೂ ಬರಲಿಲ್ಲ. ಫೋನಿನ ಆ ಮೆತ್ತನೆ ದನಿಯ ಮನುಷ್ಯ ಯಾರೆಂದು ಇವತ್ತಿಗೂ ತಿಳಿದಿಲ್ಲ.

ವಿಲ್ಮರ್ ಗ್ಯಾರೇಜಿನಲ್ಲಿ ಮತ್ತೆ ಗರಗಸ ಸಾಣೆ ಹಿಡಿಯುತ್ತಿದ್ದಾನೆ. ಏಳನೆಯ ಅಧ್ಯಾಯವನ್ನು ಬರೆದಿದ್ದಾನೆ. ಆ ಐದು ಫೋಟೋಗಳ ಕಥೆಯೇ ಅದು. ಕೊನೆಯ ಸಾಲು: "ಪೀಟರನ ಕೋವಿ ಇನ್ನೂ ಸಿಕ್ಕಿಲ್ಲ. ಹುಡುಕುತ್ತಿದ್ದೇನೆ."

ಮೇ ತಿಂಗಳ ಶನಿವಾರ ಬೆಟ್ಟದಾಚೆಯ ರೈತನೊಬ್ಬ ಕಂಬಳಿಯಲ್ಲಿ ಸುತ್ತಿದ ಕೋವಿಯೊಂದನ್ನು ಸಂಘಕ್ಕೆ ತಂದ. ಮಾವನ ಮನೆಯದು, ಹಳೆಯದೋ ಅಲ್ಲವೋ ಗೊತ್ತಿಲ್ಲ, ಯಾರಿಗೆ ತೋರಿಸಬೇಕು ಎಂದು ಬಾಗಿಲಲ್ಲಿದ್ದ ಲ್ಯೂಥರನನ್ನು ಕೇಳಿದ. ಜನವರಿಯಿಂದ ಯಾರೂ ವಿಲ್ಮರನ ಮುಂದೆ ಕೋವಿ ತಂದಿಟ್ಟಿರಲಿಲ್ಲ. ನಾನು ಬರೆಯುವುದನ್ನು ನಿಲ್ಲಿಸಿ ನೋಡಿದೆ.

"ಅಗೋ, ಆ ಬೋಳುತಲೆ," ಎಂದ ಲ್ಯೂಥರ್. "ಅವನು ಒಂದ್ಸಲ ಪೂರ್ತಿ ಬಿದ್ದಿದಾನೆ. ಎಲ್ಲಿ ಎಡವಿದೆ ಅಂತ ಬರೆದೂ ಇಟ್ಟಿದಾನೆ. ಬೀಳದೇ ಇರೋರಿಗಿಂತ ಅವನಿಗೇ ತೋರಿಸೋದು ವಾಸಿ."

ವಿಲ್ಮರ್ ಕಂಬಳಿ ಬಿಡಿಸಿದ. ಕೋವಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ನಳಿಗೆಯ ಉದ್ದಕ್ಕೂ ಹೆಬ್ಬೆರಳು ಸವರಿದ. ಕುದುರೆ ಬಲಗಡೆಗೇ ಇತ್ತು. ಮುಚ್ಚಳದ ಮೇಲಿನ ಗೀರುಗಳನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದ. ರೈತ ಕಾಲು ಬದಲಿಸುತ್ತಾ ನಿಂತಿದ್ದ.

"ನಂಗೆ ಹಳೇದು ಅನ್ಸುತ್ತೆ," ಎಂದ ವಿಲ್ಮರ್ ಕೊನೆಗೆ. ಆಮೇಲೆ ಕೋವಿಯನ್ನು ಎರಡೂ ಕೈಯಲ್ಲಿ ಎತ್ತಿ ಬಾಗಿಲ ಕಡೆಗೆ ಚಾಚಿದ. "ಲ್ಯೂಥರ್, ಬಾ ಇಲ್ಲಿ. ನೀನೂ ನೋಡು."